ಕುರುಗೋಡು ರಸ್ತೆಯಲ್ಲಿ ಒಂದು ಪಂದ್ಯ

ದಾಕ್ಷಿಣ್ಯ ಸತ್ತುಹೋಯಿತು ಎಂದು ಹೇಳಿಕೊಂಡು ತಿರುಗುವುದು ನನಗಿರುವ ಚಟಗಳಲ್ಲೆಲ್ಲ ಅಗ್ಗದ್ದು. ಎಲೆ ಅಡಿಕೆಗಾದರೂ ಡಬ್ಬಿ ಬೇಕು. ಇದಕ್ಕೆ ಎದುರಿಗೆ ಒಂದು ಜೊತೆ ಕಿವಿ ಇದ್ದರೆ ಸಾಕು. ಹೆಂಗಸರು ಬಂದರೆ ಎದ್ದು ಜಾಗ ಕೊಡುವವರಿಲ್ಲ, ಪಕ್ಕಕ್ಕೆ ಸರಿದು ದಾರಿ ಬಿಡುವವರಿಲ್ಲ, ಕಷ್ಟದಲ್ಲಿದ್ದವರಿಗಾಗಿ ಓಡಿ ಬರುವ ಗಂಡಸರ ತಳಿಯೇ ಮುಗಿಯಿತು ಎಂದು ನಾನು ಬಳ್ಳಾರಿಯ ನಮ್ಮ ಆಫೀಸಿನಲ್ಲಿ ಆಗಾಗ ಮರುಗುತ್ತಿರುತ್ತೇನೆ. ಮರುಗುವುದು ಸಾಮಾನ್ಯವಾಗಿ ಕುರ್ಚಿಯಲ್ಲಿ ಕೂತುಕೊಂಡೇ. ಪಕ್ಕದ ಟೇಬಲ್ಲಿನ ಹೆಣ್ಣುಮಗಳು ಫೈಲು ಹೊತ್ತು ನಿಂತಿದ್ದರೂ ಮಾತು ಮುಗಿಯುವವರೆಗೆ ನಾನು ಏಳುವುದಿಲ್ಲ. ಅಲ್ಲಿ ಕೇಳುವವರು ಸಿಗದ ದಿನ ಮನೆಗೆ ಬಂದು ಹೆಂಡತಿ ಗಿರಿಜಾಳಿಗೆ ಹೇಳುತ್ತೇನೆ. ಅವಳು ಬೈಕಿನ ಮೇಲೆ ನನ್ನ ಹಿಂದೆ ಕೂತಾಗಲಂತೂ ಬಲು ಅನುಕೂಲ, ಎದ್ದು ಅಡುಗೆಮನೆಗೆ ಹೋಗುವಂತಿಲ್ಲ.

ಅವಳ ತಂಗಿಯ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಅವತ್ತು ಬೆಳಿಗ್ಗೆ ಇಬ್ಬರೂ ಕುರುಗೋಡಿಗೆ ಹೊರಟಿದ್ದೆವು. ಗಿರಿಜಾ ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಉಡುಗೊರೆಯ ಚೀಲ ಹಿಡಿದು, ಎಡಗಡೆಗೆ ಕಾಲು ಇಳಿಬಿಟ್ಟು ಕೂತಿದ್ದಳು. ಇಲ್ಲೊಂದು ಸಂಗತಿ ಒಪ್ಪಿಕೊಳ್ಳಬೇಕು. ಹೆಂಗಸರ ಸೀರೆ ಚಕ್ರಕ್ಕೆ ಸಿಗದಿರಲಿ ಎಂದು ಬೈಕಿನ ಪಕ್ಕಕ್ಕೆ ಒಂದು ಜಾಲರಿ ಹಾಕಿರುತ್ತಾರಲ್ಲ, ಅದು ಗಡಗಡ ಸದ್ದು ಮಾಡುತ್ತದೆಂದು ಬಿಚ್ಚಿಸಿ ಅಟ್ಟಕ್ಕೆ ಹಾಕಿದವನು ನಾನೇ. ಆ ಸದ್ದಿನಲ್ಲಿ ನನ್ನ ಮಾತು ಹಿಂದಿನವರಿಗೆ ಕೇಳಿಸುತ್ತಿರಲಿಲ್ಲ.

ಊರು ದಾಟಿ ಭತ್ತದ ಗದ್ದೆಗಳು ಶುರುವಾದ ಮೇಲೆ ನಾನು ಗಾಳಿಗೆ ಎದುರಾಗಿ ಗಟ್ಟಿ ದನಿಯಲ್ಲಿ ದಾಕ್ಷಿಣ್ಯದ ವಿಷಯ ಎತ್ತಿದೆ. ಎದುರಿನಿಂದ ಒಂದು ಸ್ಕೂಟಿ ಬಂತು. ಓಡಿಸುತ್ತಿದ್ದವಳು ಬಿಸಿಲಿಗೆ ಮುಖಕ್ಕೆಲ್ಲ ವೇಲ್ ಸುತ್ತಿಕೊಂಡಿದ್ದಳು, ಕಣ್ಣಷ್ಟೇ ಕಾಣುತ್ತಿತ್ತು. ನಮ್ಮನ್ನು ದಾಟುವಾಗ ಕೈ ಬೀಸಿ ಏನೋ ಕೂಗಿದಳು. ಗುರುತಿಲ್ಲದವರಿಗೆ ಕೂಗುವ ಇದೆಂಥ ರೀತಿ ಎಂದು ಅದನ್ನೂ ನನ್ನ ಭಾಷಣಕ್ಕೆ ಸೇರಿಸಿಕೊಂಡೆ. ಸ್ವಲ್ಪ ಹೊತ್ತಿಗೆ ಕನ್ನಡಿಯಲ್ಲಿ ನೋಡಿದರೆ ಅದೇ ಸ್ಕೂಟಿ ತಿರುಗಿಕೊಂಡು ನಮ್ಮ ಹಿಂದೆ ಬರುತ್ತಿದೆ, ಒಂದೇ ಸಮನೆ ಹಾರ್ನ್ ಹೊಡೆಯುತ್ತಿದೆ. ನನಗೆ ಇದ್ದಕ್ಕಿದ್ದಂತೆ ಪೌರುಷ ಬಂತು. ಐವತ್ನಾಲ್ಕು ವರ್ಷ ಬಾಳಿದ್ದು ಒಂದು ಸ್ಕೂಟಿಗೆ ದಾರಿ ಬಿಡುವುದಕ್ಕೇ? ಆಕ್ಸಿಲರೇಟರ್ ತಿರುಗಿಸಿದೆ. ಅವಳೂ ತಿರುಗಿಸಿದಳು. ಹೀಗೆ ಎರಡು ಮೂರು ಕಿಲೋಮೀಟರ್ ನಾನು ಬಾಯಲ್ಲಿ ಹೆಂಗಸರಿಗೆ ದಾರಿ ಬಿಡಬೇಕೆನ್ನುತ್ತ, ಕೈಯಲ್ಲಿ ಬಿಡದೆ ಓಡಿಸಿದೆ. ಕೊನೆಗೆ ಎಮ್ಮೆಗಳ ಹಿಂಡು ಅಡ್ಡ ಬಂದು ನಾನು ನಿಧಾನಿಸಿದಾಗ ಅವಳು ಮುಂದೆ ನುಗ್ಗಿ ಸ್ಕೂಟಿಯನ್ನು ಅಡ್ಡ ನಿಲ್ಲಿಸಿದಳು.

"ಯಕ್ಕಾ, ಅಳ್ಳಾಡಬ್ಯಾಡ್ರಿ. ಸೆರಗು ಗಾಲ್ಯಾಗ ಹೊಂಟೈತಿ" ಎಂದು ಮೊದಲು ಗಿರಿಜಾಳಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಯಣ್ಣಾ, ನಾ ಒದರಿದಷ್ಟೂ ಗಾಡಿ ಜೋರ್ ಬಿಡ್ತೀರಲ್ರಿ" ಎಂದಳು.

ರಸ್ತೆಯ ಮೇಲೆಯೇ ಕುಕ್ಕರಗಾಲಲ್ಲಿ ಕೂತು, ಚಕ್ರದ ಕಡ್ಡಿಗಳ ನಡುವಿನಿಂದ ಸೆರಗನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸಿದಳು. ತುದಿ ಹರಿದು ಗ್ರೀಸ್ ಮೆತ್ತಿಕೊಂಡಿತ್ತು. ಇನ್ನೊಂದು ಸುತ್ತು ಬಿಗಿದಿದ್ದರೆ ಗಿರಿಜಾ ರಸ್ತೆಗೆ ಬೀಳುತ್ತಿದ್ದಳು. ಅವಳು ತನ್ನ ವೇಲಿನ ಪಿನ್ನು ಕಿತ್ತು ಗಿರಿಜಾಳ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಬಳ್ಳಾರಿಯಲ್ಲಿ ಪ್ಯಾಂಟು ಹೊಲಿಯುವ ಒಂದು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳಂತೆ. ತಡವಾದರೆ ಗೇಟು ಹಾಕುತ್ತಾರಂತೆ. ಅಂಥವಳು ಗುರುತಿಲ್ಲದ ಇಬ್ಬರಿಗಾಗಿ ಗಾಡಿ ತಿರುಗಿಸಿದ್ದಳು. ಅವಳ ಹೆಸರು ಕೇಳಬೇಕು, ಕೈ ಮುಗಿಯಬೇಕು ಎಂದುಕೊಳ್ಳುವಷ್ಟರಲ್ಲಿ, ಪಿನ್ನಿಲ್ಲದ ವೇಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೊರಟೇಹೋದಳು. ಎಮ್ಮೆಗಳೆಲ್ಲ ದಾಟಿ ರಸ್ತೆ ಖಾಲಿಯಾದ ಮೇಲೂ ನಾನು ಅವಳು ಹೋದ ಕಡೆಗೇ ನೋಡುತ್ತ ನಿಂತಿದ್ದೆ. ಅಷ್ಟು ದೊಡ್ಡ ಮನಸ್ಸನ್ನು ನಾನು ಅಷ್ಟು ಹತ್ತಿರದಿಂದ ಎಂದೂ ಕಂಡಿರಲಿಲ್ಲ.

ಮರುದಿನವೇ ಜಾಲರಿ ಹಾಕಿಸಿದೆ. ದಾಕ್ಷಿಣ್ಯವನ್ನು ನಾನೇ ಬದುಕಿಸಿಬಿಡುತ್ತೇನೆಂದು ಪಣ ತೊಟ್ಟೆ. ಅವಕಾಶ ಸಿಕ್ಕಿದ್ದು ತಿಂಗಳ ಮೇಲೆ, ಇಬ್ಬರೂ ಸಿರುಗುಪ್ಪಕ್ಕೆ ಹೋಗುವಾಗ. ತೆಕ್ಕಲಕೋಟೆ ದಾಟಿದ ಮೇಲೆ ಮುಂದೊಂದು ಬೈಕು. ನನ್ನದೇ ವಯಸ್ಸಿನ ಗಂಡಸು, ಹಿಂದೆ ಅವನ ಹೆಂಡತಿ, ಅವಳ ಸೆರಗು ಚಕ್ರದ ಹತ್ತಿರ ತೂಗಾಡುತ್ತಿದೆ. ಹಾರ್ನ್ ಹೊಡೆದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ, ಬೆನ್ನು ನೆಟ್ಟಗೆ ಮಾಡಿಕೊಂಡು, ವೇಗ ಹೆಚ್ಚಿಸಿದ. ಮತ್ತೆ ಹೊಡೆದೆ. ಮತ್ತಷ್ಟು ಹೆಚ್ಚಿಸಿದ.

ಹಿಂದಿನಿಂದ ಗಿರಿಜಾ ನನ್ನ ಭುಜ ತಟ್ಟಿ ಹೇಳಿದಳು: "ಹಾರ್ನ್ ಹೊಡೀಬ್ಯಾಡ್ರಿ. ಹೊಡದಷ್ಟೂ ಓಡ್ತಾನ. ನಾ ಆ ಅಕ್ಕನ್ನ ಕರೀತೀನಿ, ನೀವು ಸುಮ್ನ ಅವರ ಪಕ್ಕಕ್ಕ ಹೋಗ್ರಿ."

ಸುಮ್ಮನೆ ಪಕ್ಕಕ್ಕೆ ಹೋದೆ. ಗಿರಿಜಾ ಕೂಗಿದಳು, ಆ ಹೆಂಗಸು ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಕೈಯೆತ್ತಿ ನಕ್ಕಳು. ಅವನು ಮಾತ್ರ ಹಿಂತಿರುಗಿ ನೋಡದೆ ನಮ್ಮನ್ನು ಹಿಂದೆ ಹಾಕಿ ಸಿರುಗುಪ್ಪದ ಕಡೆ ಹೊರಟುಹೋದ. ಅವನಿಗೆ ಆಗ ಎಷ್ಟು ಹೆಮ್ಮೆಯಾಗಿತ್ತೆಂದು ನನಗೆ ಯಾರೂ ಹೇಳಬೇಕಾಗಿಲ್ಲ.