ಶಾಂತವ್ವನ ಸಸಿಗಳು ಹುಡುಕಿದ ಊರು

ಒಂದು ದೊಡ್ಡ ತಪ್ಪು ಮಾಡುವುದಕ್ಕೆ ಕೆಲವರು ವರ್ಷಗಟ್ಟಲೆ ಒದ್ದಾಡುತ್ತಾರಂತೆ. ನನಗೆ ಚಹಾ ಆರುವಷ್ಟು ಹೊತ್ತು ಸಾಕು. ಇಂಡಿಯಲ್ಲಿ ನಿಂಬೆ ಸಸಿ ಮಾರುವ ನರ್ಸರಿಯೊಂದರಲ್ಲಿ ನಾನು ಕಂಪ್ಯೂಟರ್ ಮುಂದೆ ಕೂರುವವನು. ರೈತರ ಪಟ್ಟಿ ಎಕ್ಸ್‌ಎಂಎಲ್ ಫೈಲಿನಲ್ಲಿತ್ತು. ಒಬ್ಬೊಬ್ಬರಿಗೆ ಒಂದೊಂದು ಟ್ಯಾಗು, ಅದರೊಳಗೆ ‘ಊರು’ ಎಂಬ ಒಂದೇ ಆಟ್ರಿಬ್ಯೂಟು, ಅಂದರೆ ಊರಿನ ಹೆಸರು ಬರೆಯಲು ಒಂದೇ ಖಾನೆ. ಎರಡು ಮೂರು ಕಡೆ ಹೊಲ ಇದ್ದವರ ಊರುಗಳನ್ನೆಲ್ಲ ಹಿಂದಿನ ಯಾರೋ ಪುಣ್ಯಾತ್ಮರು, ಟೆಂಪೋದಲ್ಲಿ ಜನ ತುಂಬಿದಂತೆ, ಆ ಒಂದರಲ್ಲೇ ತುರುಕಿದ್ದರು. ನಡುವೆ ಬರೀ ಖಾಲಿ ಜಾಗ. ಅವನ್ನು ಬಿಡಿಸಿ, ಸಸಿ ಒಯ್ಯುವ ಟೆಂಪೋದವನಿಗೆ ಊರಿಗೊಂದು ಚೀಟಿ ಮಾಡಿಕೊಡುವುದು ನನ್ನ ಕೆಲಸ. ಖಾಲಿ ಜಾಗ ಕಂಡಲ್ಲೆಲ್ಲ ಕತ್ತರಿಸು ಎಂದು ಒಂದು ಸಾಲು ಬರೆದೆ. ‘ಇಂಡಿ ಹೊರ್ತಿ’ ನೀಟಾಗಿ ಎರಡು ಊರಾಯಿತು. ಅಷ್ಟನ್ನೇ ನೋಡಿ, ನನ್ನ ಬೆನ್ನು ನಾನೇ ತಟ್ಟಿಕೊಂಡು ಚಹಾಕ್ಕೆ ಎದ್ದೆ.

ಮರುದಿನ ಟೆಂಪೋ ಡ್ರೈವರ್ ರಫೀಕನ ಫೋನು.

“ಸಾಹೇಬ್ರ, ಶಾಂತವ್ವನ ಹೆಸರಿಗೆ ಎರಡು ಚೀಟಿ ಅದಾವ್ರಿ. ಒಂದರಾಗ ‘ಹೂವಿನ’ ಅಂತೈತಿ, ಇನ್ನೊಂದರಾಗ ‘ಹಿಪ್ಪರಗಿ’. ಹೂವಿನ ಅನ್ನೂ ಊರು ಎಲ್ಲಿ ಬರ್ತೈತ್ರಿ?”

“ಚೀಟ್ಯಾಗ ಇದ್ದಂಗ ಹೋಗಪಾ. ಕಂಪ್ಯೂಟರ್ ನಿನ್ನಂಗ ತಪ್ಪು ಮಾಡಂಗಿಲ್ಲ.”

ಪಾಪ, ಆ ಇಲ್ಲದ ಊರನ್ನು ಅವನು ಇಡೀ ದಿನ ಹುಡುಕಿದ. ಸಿಗದಾಗ, ಹಿಪ್ಪರಗಿ ಎಂದರೆ ದೇವರ ಹಿಪ್ಪರಗಿಯೇ ಇರಬೇಕೆಂದು ಮರುದಿನ ಸಿಂದಗಿಯತ್ತ ಟೆಂಪೋ ತಿರುಗಿಸಿದ. ಅಲ್ಲೂ ಒಬ್ಬ ಶಾಂತವ್ವ ಸಿಕ್ಕಳು. ಆಕೆಗೆ ಹೊಲವೇ ಇರಲಿಲ್ಲ, ಹೊಲಿಗೆ ಯಂತ್ರ ಇತ್ತು. ಅತ್ತ, ನಾನು ಎರಡಾಗಿ ಕತ್ತರಿಸಿದ್ದ ಹೂವಿನ ಹಿಪ್ಪರಗಿಯಲ್ಲಿ ನಿಜವಾದ ಶಾಂತವ್ವ ಗುಂಡಿ ತೋಡಿಸಿ, ಗೊಬ್ಬರ ಹಾಕಿಸಿ, ಆಳುಗಳನ್ನು ಕೂರಿಸಿಕೊಂಡು ದಾರಿ ಕಾಯುತ್ತಿದ್ದಳು.

ಮೂರನೆಯ ದಿನ, ವಿಷಯ ತಿಳಿದ ನರ್ಸರಿ ಮಾಲಕರು ಆ ಸಸಿಗಳ ಜೊತೆ ನನ್ನನ್ನೂ ಟೆಂಪೋ ಹತ್ತಿಸಿದರು. ಎರಡು ದಿನ ಬಿಸಿಲಲ್ಲಿ ಊರೂರು ಸುತ್ತಿದ್ದ ಸಸಿಗಳು ತಲೆ ಬಗ್ಗಿಸಿ ನಿಂತಿದ್ದವು. ಅದು ನಾನು ನಿಲ್ಲಬೇಕಾದ ಭಂಗಿ. ಹೊಲದಲ್ಲಿ ಬಾಯಿ ತೆರೆದ ಗುಂಡಿಗಳ ಸಾಲು. ಆಳುಗಳು ಆಗಲೇ ಬೇರೆಯವರ ಕೆಲಸಕ್ಕೆ ಹೋಗಿಬಿಟ್ಟಿದ್ದರು. ಶಾಂತವ್ವ ಒಂದು ಎಲೆ ಕಿತ್ತು ತಿಕ್ಕಿದಳು. ಪುಡಿಯಾಯಿತು.

“ಇವು ಬದುಕಂಗಿಲ್ಲ ತಮ್ಮಾ. ಸಸಿ ಹಚ್ಚೂ ಹೊತ್ತೂ ಹೋತು. ಇನ್ನ ಮುಂದಿನ ವರ್ಷನ.”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯದವರ ಮುಂದೆ ನನಗೆ ಸುಳ್ಳು ತಾನಾಗಿ ಬರುತ್ತದೆ.

“ಏನ್ ಮಾಡೂದ್ರಿ ಯವ್ವಾ, ಕಂಪ್ಯೂಟರಿಗೆ ಈ ಕಡಿ ಊರಿನ ಹೆಸರು ಹೆಂಗಿರ್ತಾವ ಅಂತ ಗೊತ್ತಿಲ್ರಿ.”

“ಅದಕ್ಕ ಗೊತ್ತಿಲ್ಲ, ಬಿಡು. ನಿಂದು ಯಾವೂರಪಾ?”

ರಫೀಕ ಸ್ಟೇರಿಂಗ್ ಮೇಲೆ ಮುಖ ಇಟ್ಟು ನಗು ನುಂಗುತ್ತಿದ್ದ. ನಾನು ಗುಂಡಿಯೊಳಗೆ ನೋಡುತ್ತ ಹೇಳಿದೆ:

“ಬಸವನ ಬಾಗೇವಾಡಿ ರೀ.”