ಮಾವನ ಕಾಲು, ಕಾರಿನ ಕಂಪ್ಯೂಟರ್

ನನ್ನ ಸೋದರಮಾವ ಜಗಳವಾಡದೆ ಬಿಟ್ಟವರು ಮೊಳಕಾಲ್ಮೂರಿನಲ್ಲಿ ಯಾರೂ ಉಳಿದಿರಲಿಲ್ಲ. ಹಾಗಾಗಿ ಎರಡು ಸಾವಿರನೇ ಇಸವಿಯ ಆಚೀಚೆ ಅವರು ಒಂದು ಕಂಪ್ಯೂಟರಿನ ಮೇಲೆ ಜಗಳಕ್ಕೆ ನಿಂತರು. ಅದೂ ಮೇಜಿನ ಮೇಲಿನದಲ್ಲ, ಕಾರಿನೊಳಗೆ ಅಡಗಿ ಕೂತದ್ದು!

ರೇಷ್ಮೆ ಸೀರೆ ವ್ಯಾಪಾರದ ಮಾವನಿಗೆ ಕಾರಿನ ಶೋಕಿ ಇರಲಿಲ್ಲ. ಅತ್ತೆಯ ಕಿಡ್ನಿ ಕೈಕೊಟ್ಟಿತ್ತು. ವಾರವಾರವೂ ಡಯಾಲಿಸಿಸ್‌ಗೆ ಬಳ್ಳಾರಿಗೆ ಹೋಗಬೇಕಿತ್ತು. ಬಸ್ಸಿನ ಸೆಕೆಗೆ ಅವರು ಬಸವಳಿಯುತ್ತಿದ್ದರು. ಅದಕ್ಕೆಂದೇ ಎಸಿ ಇರುವ ಸಣ್ಣ ಕಾರು ಬಂತು. ಆದರೆ ಮಾವ ಡ್ರೈವಿಂಗ್ ಕಲಿತದ್ದು ಹಳೇ ಲಾರಿಯಲ್ಲಿ. ಅವರ ಕಾಲಿಗೆ ಗೊತ್ತಿದ್ದದ್ದು ಎರಡೇ ಜಾಗ: ಒಂದೋ ಆಕ್ಸಿಲರೇಟರಿನ ತಳ, ಇಲ್ಲವೇ ಬ್ರೇಕು! ತಳಕ್ಕೊತ್ತಿದಾಗಲೆಲ್ಲ ಎಸಿ ಗಾಳಿ ಬೆಚ್ಚಗಾಗುತ್ತಿತ್ತು.

ಚಳ್ಳಕೆರೆಯ ಮೆಕ್ಯಾನಿಕ್ ತಿಳಿಹೇಳಿದ: “ಸಾವ್ಕಾರ್ರೆ, ಸಣ್ಣ ಇಂಜಿನ್ನು. ಜೋರಾಗಿ ತುಳಿದ್ರೆ ಇರೋ ಶಕ್ತಿಯೆಲ್ಲ ಚಕ್ರಕ್ಕೇ ಬೇಕಾಗ್ತೈತೆ. ಅದಕ್ಕೆ ಕಂಪ್ಯೂಟರ್ರು ಎಸಿ ಕಂಪ್ರೆಸರ್ ನಿಲ್ಲಿಸ್ತೈತೆ. ಇಂಜಿನ್ ಕಾದ್ರೂ ಅಷ್ಟೇ. ಮೆತ್ತಗೆ ಹೋಗ್ರಿ, ತಣ್ಣಗಿರ್ತೈತೆ.”

“ಲೇ, ಕಾರು ನಂದು, ಪೆಟ್ರೋಲು ನಂದು, ಕುಂತಿರೋಳು ನನ್ ಹೆಂಡ್ತಿ. ನಡುವೆ ಅವನ್ಯಾವನಲೇ?”

ಆ ವರ್ಷದ ಆಯುಧಪೂಜೆಯಲ್ಲಿ ಸ್ಟೆಪ್ನಿ ಟೈರಿಗೂ ಕುಂಕುಮ ಬಿತ್ತು, ಕಂಪ್ಯೂಟರಿಗೆ ಬೀಳಲಿಲ್ಲ. ಬಹಿಷ್ಕಾರ! ಅಷ್ಟಕ್ಕೇ ಸುಮ್ಮನಾಗದೆ, ಮೆಕ್ಯಾನಿಕ್‌ನನ್ನು ಗದರಿಸಿ ಬ್ಯಾಟರಿಯಿಂದ ಕಂಪ್ರೆಸರ್‌ಗೆ ನೇರ ವೈರು ಎಳೆಸಿದರು. ಇನ್ನು ಕಂಪ್ಯೂಟರಿನ ಅಪ್ಪಣೆ ಯಾರಿಗೆ ಬೇಕು? ಮೊದಲ ಸವಾರಿಯಲ್ಲಿ ನಾನೂ ಹಿಂದೆ ಕೂತಿದ್ದೆ. ರಾಂಪುರ ದಾಟುವವರೆಗೆ ಕಾರಿನೊಳಗೆ ಹಿಮಾಲಯ. ದಾಟಿದ ಮೇಲೆ ಬಾನೆಟ್ಟಿನಿಂದ ಹಬೆ!

ಜಾಲಿಮರದ ಅರೆನೆರಳಿನಲ್ಲಿ ಕೂತ ಅತ್ತೆ, “ಕಂಪ್ಯೂಟರ್ನ ಸೋಲಿಸಿದ್ರಲ್ಲ, ಈಗ ತಳ್ರಿ” ಎಂದರು.

ಮಾವ ನಗಲಿಲ್ಲ. “ಟೈಮ್ ಆಗೋಯ್ತು ಕಣೆ. ಆಸ್ಪತ್ರೇಲಿ ಮಷೀನ್ ಬೇರೆಯೋರಿಗೆ ಕೊಟ್‌ಬಿಡ್ತಾರೆ.”

ಆ ಕಾಲು ಯಾಕೆ ತಳಕ್ಕೊತ್ತುತ್ತಿತ್ತು ಎಂದು ನನಗೆ ಆಗ ತಿಳಿಯಿತು. ಮೆಲ್ಲಗೆ ಹೋದರೆ ಸರದಿ ತಪ್ಪುತ್ತದೆ. ಜೋರಾಗಿ ಹೋದರೆ ಅತ್ತೆ ಬೇಯುತ್ತಾರೆ. ಇದಕ್ಕೆ ಯಾವ ಮೆಕ್ಯಾನಿಕ್ ವೈರು ಎಳೆಯಬೇಕು?

ವೈರು ಕೀಳಿಸಿದರು. ಕಾಲು ಮಾತ್ರ ಬದಲಾಗಲಿಲ್ಲ. ಎಸಿ ನಿಂತಾಗಲೆಲ್ಲ ಕಂಪ್ಯೂಟರಿಗೆ ಕನ್ನಡದಲ್ಲೊಂದು, ತೆಲುಗಿನಲ್ಲೊಂದು ಬೈಗುಳ ಸಲ್ಲುತ್ತಿತ್ತು. ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, “ಪಾಪ, ಅದಕ್ಕೂ ಯಾರೋ ಹೇಳ್ಕೊಟ್ಟಿರ್ತಾರೆ, ಬಿಡ್ರಿ” ಎನ್ನುತ್ತಿದ್ದರು.

ಮುಂದಿನ ಬೇಸಿಗೆಯಲ್ಲಿ ಬಳ್ಳಾರಿಯ ಡಾಕ್ಟರು ಮಾವನನ್ನೂ ನನ್ನನ್ನೂ ಹೊರಗೆ ಕರೆದರು. “ಇನ್ನು ಕರ್ಕೊಂಡು ಬರೋದು ಬೇಡ. ಮನೇಲೇ ನೆಮ್ಮದಿಯಾಗಿ ಇರ್ಲಿ” ಎಂದರು.

ವಾಪಸು ಬರುವಾಗ ಮಾವನ ಕಾಲು ಪೆಡಲಿನ ಮೇಲೆ ಇತ್ತೋ ಇಲ್ಲವೋ! ಎದುರಿಗಿದ್ದ ಕುರಿಮಂದೆಗೆ ಹಾರನ್ ಕೂಡ ಹೊಡೆಯಲಿಲ್ಲ. ಹಿಂದಿನಿಂದ ಬೈದುಕೊಂಡು ಬಂದ ಲಾರಿಗೆ ಸುಮ್ಮನೆ ದಾರಿ ಬಿಟ್ಟರು. ಎಸಿ ಒಮ್ಮೆಯೂ ನಿಲ್ಲಲಿಲ್ಲ. ರಾಂಪುರದ ಹತ್ತಿರ ಅತ್ತೆ ಸೆರಗು ಹೊದ್ದುಕೊಂಡರು.

“ಕಂಪ್ಯೂಟರ್ ರಿಪೇರಿ ಆಯ್ತೇನ್ರಿ?”

“ಹ್ಞೂಂ, ಆಯ್ತು. ಚಳಿ ಆಗ್ತೈತಾ?”

“ಆಗ್ಲಿ ಬಿಡ್ರಿ. ಹಿಂಗೇ ಹೋಗ್ರಿ.”