ತಾತನ ಮಿದುಳಿನ ತೂಬು

ಕದ ತಟ್ಟೋನಿಗೆ ಕೈಯಿಲ್ಲ, ಕಾಯೋನಿಗೆ ಕಣ್ಣಿಲ್ಲ, ಒಳಗೆ ಗೇಮೆ-ದುಡಿಮೆ ನಡೀತಿದ್ರೆ ಮಾತ್ರ ಕದ ಚೆನ್ನಾಗಿ ತೆಗೀತದೆ. ಏನು ಹೇಳಿ? ತಲೆ ಕೆರ್ಕೋಬೇಡಿ, ಗೊತ್ತಾಗಲ್ಲ. ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಎರಡು ಸಲ ಡುಮ್ಕಿ ಹೊಡೆದ ನನಗೂ ಗೊತ್ತಿರಲಿಲ್ಲ. ನಮ್ಮ ತಾತ ಬೀಚನಹಳ್ಳಿ ಕಡೆ ನೀರುಗಂಟಿ. ಯಾರ ಗದ್ದೆಗೆ ಯಾವಾಗ ನೀರು ಅಂತ ನಾಲೆಯ ತೂಬು ಎತ್ತಿ ಇಳಿಸಿದವನು. ಅವನಿಗೆ ಲಕ್ವ ಹೊಡೆದು ಬಲಗೈ ಬಿದ್ದಾಗಿನಿಂದ ನಮ್ಮ ಮನೇಲಿ ಇಂಥ ಒಗಟು ನಡೀತಾನೇ ಇವೆ.

೧. ಗೋಡೆ

ಕೋಟೆ ಊರಿನ ಆಸ್ಪತ್ರೆಯ ಡಾಕ್ಟ್ರಮ್ಮ ಅಂದ್ರು: "ತಾತನ್ನ ಮಲಗಿಸ್ಬೇಡಿ, ನಡೆಸ್ರಿ. ನರ ಬೆಳೆಸೋ ಹಾರ್ಮೋನನ್ನ ಲಿವರ್ರು ರಕ್ತಕ್ಕೆ ಬಿಡುತ್ತೆ. ಆದ್ರೆ ಮಿದುಳಿನ ರಕ್ತನಾಳದ ಗೋಡೆ ಸಿಕ್ಕಿದ್ದನ್ನೆಲ್ಲ ಒಳಗೆ ಬಿಡಲ್ಲ. ಮಿದುಳಿನ ಯಾವ ಜಾಗ ದುಡೀತಿದ್ಯೋ ಅಲ್ಲಿಗೆ ಈ ಹಾರ್ಮೋನನ್ನ ಜಾಸ್ತಿ ಬಿಟ್ಕೊಳ್ಳುತ್ತೆ. ಬಲಗೈ ಆಡಿಸೋಕೆ ದಿನಾ ಒದ್ದಾಡ್ಲಿ. ಗ್ಯಾರಂಟಿ ಕೊಡಲ್ಲ, ಪ್ರಯತ್ನ ಬಿಡ್ಬೇಡಿ."

ನಾನು ತೆರೆದ ಬಾಯಿ ಮುಚ್ಚಲಿಲ್ಲ. ಕೂದಲಿಗಿಂತ ಸಣ್ಣ ನಾಳ, ಅದಕ್ಕೂ ಒಂದು ಕಾವಲು! ಗೋಡೆ ಗಟ್ಟಿ ಅನ್ನೋದನ್ನ ಮಾತ್ರ ತಕ್ಷಣ ನಂಬಿದೆ. ಮೇಷ್ಟ್ರು ಹತ್ತು ವರ್ಷ ತಟ್ಟಿದ್ರೂ ನಂದು ಒಂದಕ್ಷರ ಒಳಗೆ ಬಿಟ್ಟಿರಲಿಲ್ಲ.

೨. ಇಟ್ಟಿಗೆ

ಮನೆಗೆ ಬಂದ ಚಿಕ್ಕಪ್ಪ ಅಂದ: "ಗೊತ್ತಾಯ್ತು ಬುಡು. ಆರ್ಮೋನು ಒಟ್ಟೇಲಿ ಉಟ್ಟಿ ತಲೆಗೆ ಓಗ್ಬೇಕು. ನೀರು ಎಲ್ಲಾರ ಏರು ಅತ್ತುತದಾ? ಮಂಚದ ಕಾಲ್ದೆಸೆಗೆ ಇಟ್ಟಿಗೆ ಕೊಡು ಕಣ್ಲಾ!"

ಕೊಟ್ಟೆ. ತಲೆ ತಗ್ಗಿಗೆ ಬಂದು ತಾತನ ಮುಖ ಕೆಂಪಾಯ್ತು. "ಅಕಾ, ಬಂತು ನೋಡ್ಲಾ!" ಅಂತ ಚಿಕ್ಕಪ್ಪ ಕುಣಿದ. ಅವ್ವ ಗಾಬರಿಯಾಗಿ ಡಾಕ್ಟ್ರಮ್ಮನಿಗೆ ಫೋನ್ ಮಾಡಿದಳು.

"ಮೊದ್ಲು ಇಟ್ಟಿಗೆ ತೆಗೀರಿ! ರಕ್ತ ತಲೆಗೆ ಏರಿಸೋಕೆ ಎದೇಲಿ ಪಂಪ್‌ಸೆಟ್ ಇದೆಯಲ್ರೀ."

"ಕರೆಂಟು ಓದ್ರೆ ಮೇಡಂ?" ಚಿಕ್ಕಪ್ಪ ಕೇಳಿದ.

ಎಪ್ಪತ್ತು ವರ್ಷದಿಂದ ಒಂದ್ಸಲವೂ ಕರೆಂಟು ಹೋಗದ ಪಂಪ್‌ಸೆಟ್ಟು! ಆಮೇಲೆ ಯೋಚಿಸಿ ಚಿಕ್ಕಪ್ಪ ತಾತನ ಎದೆಗೇ ಕೈ ಮುಗಿದ.

೩. ಕಳ್ಳರು

ತಾತ ಮಾತ್ರ ಮಂಚ ಬಿಟ್ಟೇಳಲ್ಲ. ಒಂದು ಬೆಳಗ್ಗೆ ಓಡಿಬಂದು ಕೂಗಿದೆ: "ತಾತ, ನಿನ್ ತೂಬ ಯಾರೋ ಕದ್ದು ಎತ್ತವ್ರೆ ಕಣ!"

"ಯಾವನ್ಲಾ ಅವ್ನು?" ಎಡಗೈಲಿ ಕೋಲು ಹಿಡಿದು, ಕಾಲೆಳ್ಕೊಂಡು ನಾಲೆ ಏರಿವರೆಗೂ ನಡೆದೇಬಿಟ್ಟ! ಅಲ್ಲಿಂದ ದಿನಕ್ಕೊಂದು ಸುಳ್ಳು, ದಿನಕ್ಕೊಬ್ಬ ಕಳ್ಳ. ತಿಂಗಳು ಕಳೆಯೋಷ್ಟರಲ್ಲಿ ಊರಲ್ಲಿ ಕಳ್ಳ ಆಗದೆ ಉಳಿದೋನು ಪೂಜಾರಪ್ಪ ಒಬ್ಬನೇ.

೪. ಚಕ್ರ

ಕಾಲೇನೋ ನಡೀತು, ಬಲಗೈ ಹಂಗೇ ನೇತಾಡ್ತಿತ್ತು. ಹಳೇ ಸೈಕಲ್ ಚಕ್ರ ತಂದು ಜಗಲಿ ಕಂಬಕ್ಕೆ ಕಟ್ಟಿದೆ. ತಾತನ ಬಲಗೈ ಎತ್ತಿ ಅದರ ಮೇಲಿಟ್ಟೆ.

"ಇದೇ ತೂಬಿನ ಚಕ್ರ ಅನ್ಕೊ. ನೀ ತಿರುಗಿಸ್ದಿದ್ರೆ ಕೆಳಗಿನ ಗದ್ದೆಯೆಲ್ಲ ಒಣಗೋಯ್ತವೆ."

ತಾತ ಹಲ್ಲು ಕಚ್ಚಿದ. ಹಣೆಯ ನರ ಉಬ್ಬಿತು. ಒಳಗೆ ಆ ಹಾರ್ಮೋನು ಸಾಲು ನಿಂತು ಗೋಡೆ ದಾಟ್ತಾ ಇದ್ಯೇನೋ ಅಂತ ನಾನು ಅವನ ತಲೆಯನ್ನೇ ನೋಡ್ತಾ ನಿಂತೆ. ಚಕ್ರ ಗಿರಗಿರ ತಿರುಗಿತು! ಅದೇ ಕೈಲಿ ಫಟಾರಂತ ನನ್ನ ಕೆನ್ನೆಗೆ ಬಿಟ್ಟ.

"ಸುಳ್ಳು ನನ್ಮಗ್ನೆ! ಈ ತಿಂಗ್ಳೆಲ್ಲ ನಾಲೆಗೆ ನೀರೇ ಬುಟ್ಟಿಲ್ಲ, ನಂಗೊತ್ತಿಲ್ವೇನ್ಲಾ? ನಿನ್ ಆಟ ನೋಡಕ್ಕೇ ದಿನಾ ನಡೀತಿದ್ದೆ ಕಣ್ಲಾ!"

ಏಟು ಬಿದ್ದಿದ್ದು ನಾನು ಕಟ್ಟಿದ ಕತೆ. ಚಕ್ರ ತಿರುಗಿದ್ದೂ ಸುಳ್ಳೇ. ಹೆಬ್ಬೆರಳು ಒಂದೇ ಒಂದು ಸಲ ಅಲುಗಿತು, ಅಷ್ಟೆ. ಅವ್ವ, ಚಿಕ್ಕಪ್ಪ, ನಾನು ಉಸಿರು ಬಿಡದೆ ನೋಡಿದ್ವಿ. ಆ ಬಲಗೈ ಏಟಿಗೆ ಕೆನ್ನೆ ಒಡ್ಡಿಕೊಂಡು ಇನ್ನೂ ಕಾಯ್ತಾ ಇದೀನಿ.